ಅಂಚಿನವರೆಗೆ ತುಂಬಿದ ಬಟ್ಟಲು

ಜೋಯಿನವ್ ಗ್ರಾಮ, ಝರಫ್ಶಾನ್ ಕಣಿವೆ
೧೯ ಸೆಪ್ಟೆಂಬರ್ ೨೦೦೩

ಬೆಟ್ಟಗಳನ್ನು ಭೂಮಿಗೆ ಗೂಟಗಳಂತೆ ನೆಟ್ಟು ನಿಲ್ಲಿಸಿದ ಆ ಕರುಣಾಳುವನ್ನು ನೆನೆದು ಲೇಖನಿ ಹಿಡಿದಿದ್ದೇನೆ.

ಮಗಳೇ ಬನಾಫ್ಶಾ, ನಿನಗೆ ಶಾಂತಿಯುಂಟಾಗಲಿ.

ನೀನು ಅಂಜೋಬ್ ಘಟ್ಟವನ್ನು ದಾಟಿ ದಕ್ಷಿಣದ ಎದೆರೋಗದ ಆಸ್ಪತ್ರೆಯನ್ನು ಸುಖವಾಗಿ ಸೇರಿದೆಯೆಂದು ಲಾರಿಯ ಬೋಬೋಮುರೋದ್ ಬಂದು ತಿಳಿಸಿದನು. ಮಾವನಾದವನು ಸೊಸೆಗೆ ಪತ್ರ ಬರೆಯುವ ವಾಡಿಕೆ ನಮ್ಮ ಕಡೆ ಇಲ್ಲ. ಆದರೆ ನಿನ್ನ ಗಂಡ ಹಮ್‌ದಮ್ ರಷ್ಯಾದಲ್ಲಿ ಪರರ ಮನೆಗಳಿಗೆ ಗಾರೆ ಮೆತ್ತುತ್ತಿದ್ದಾನೆ. ನಿನ್ನ ಅತ್ತೆಗೆ ಅಕ್ಷರ ಬಾರದು. ಈ ಮನೆಯಲ್ಲಿ ಬರೆಯಬಲ್ಲ ಕೈ ನನ್ನದೊಂದೇ ಆಗಿರುವುದರಿಂದ ವಾಡಿಕೆಯನ್ನು ಬದಿಗಿಟ್ಟಿದ್ದೇನೆ.

ನಿಗೋರಾ ಕ್ಷೇಮವಾಗಿದ್ದಾಳೆ. "ಅಮ್ಮ ಗುಡ್ಡದ ಹಿಂದೆ ಇದಾಳೆ, ಗುಡ್ಡ ಪಕ್ಕಕ್ಕೆ ಸರಿದ್ರೆ ಬರ್ತಾಳೆ" ಎಂದು ಕೋಳಿಗಳಿಗೆ ಉಪದೇಶ ಮಾಡುತ್ತಿರುತ್ತಾಳೆ. ನಾಲ್ಕು ವರ್ಷದ ಮಗುವಿನ ವಿಶ್ವಾಸ ನನ್ನಂಥ ಮಸೀದಿಯ ಇಮಾಮನಿಗಿಂತ ಗಟ್ಟಿ.

ನಿನ್ನ ರೋಗದ ಹೆಸರು ಊರಿಗೆ ತಿಳಿದರೆ ನಾಳೆ ನಿಗೋರಾಳನ್ನು ಯಾರ ಮನೆಯೂ ಸೊಸೆಯಾಗಿ ಕೇಳದು ಎಂಬುದು ನಿನ್ನ ಅತ್ತೆಯ ಭಯ. ಅದಕ್ಕಾಗಿ, ನೀನು ಕಾಲು ಮುರಿದ ಚಿಕ್ಕಮ್ಮನ ಶುಶ್ರೂಷೆಗೆ ನಗರಕ್ಕೆ ಹೋಗಿರುವೆಯೆಂದು ಹೇಳಿದ್ದಾಳೆ. ನೆರೆಮನೆಯ ಕಿಮಿಯೋಳನ್ನು ನೀನು ಬಲ್ಲೆ. ಮೊನ್ನೆ ತಂದೂರು ಒಲೆಯ ಬಳಿ ಅವಳಿಗೂ ನಿನ್ನ ಅತ್ತೆಗೂ ನಡೆದ ಸಂಭಾಷಣೆ ನನ್ನ ಕಿವಿಗೆ ಬಿತ್ತು.

"ಹನೀಫಾ, ನಿನ್ ಸೊಸೆ ಚಿಕ್ಕಮ್ಮಂಗೆ ಮುರಿದಿದ್ದು ಯಾವ ಕಾಲು?"

"ಬಲಗಾಲು."

"ಮೊನ್ನೆ ಎಡಗಾಲು ಅಂದಿದ್ದೆ."

"ಎರಡೂ ಮುರಿದಿವೆ ಕಣೇ! ಇನ್ನೂ ಬೇಕಾ? ಕೈನೂ ಮುರಿಸ್ಲಾ?"

ನಾನು ಆ ಸುಳ್ಳನ್ನು ಆಡಲಿಲ್ಲ, ಅಲ್ಲಗಳೆಯಲೂ ಇಲ್ಲ. ಅದು ಸರಿಯೋ ತಪ್ಪೋ ಗ್ರಂಥಗಳಲ್ಲಿ ಹುಡುಕುತ್ತಿದ್ದೇನೆ.

ಇನ್ನೊಂದು ಶುಭವಾರ್ತೆ. ಬೀದಿಯ ಹೆಂಗಸರೆಲ್ಲ ಸೇರಿ ಆಚೆ ತುದಿಯಲ್ಲಿ ಹೊಸ ಒಲೆಯೊಂದನ್ನು ಕಟ್ಟಿಕೊಂಡಿದ್ದಾರೆ. ಆದ್ದರಿಂದ ನಮ್ಮ ಒಲೆಯ ಬಳಿ ನಿನ್ನ ಅತ್ತೆ ಈಗ ಸರದಿ ಕಾಯಬೇಕಾಗಿಲ್ಲ. ಬಹಳ ಅನುಕೂಲವಾಗಿದೆ.

ನಿನ್ನ ಹಿತಚಿಂತಕ,
ಇಸ್ಮತುಲ್ಲಾ

*

ಆಸ್ಪತ್ರೆ, ಹೆಂಗಸರ ಕೊಠಡಿ
೧೨ ಅಕ್ಟೋಬರ್ ೨೦೦೩

ಪೂಜ್ಯ ಮಾವನವರ ಪಾದಗಳಿಗೆ ಬನಾಫ್ಶಾ ಮಾಡುವ ಸಲಾಮುಗಳು.

ನಿಮ್ಮ ಪತ್ರವನ್ನು ಮಡಿಕೆಗಳು ಹರಿಯುವವರೆಗೆ ಓದಿದೆ. ಹೊಸ ಒಲೆಯ ಸುದ್ದಿ ತಿಳಿಯಿತು. ಅತ್ತೆಯವರಿಗೆ ಅನುಕೂಲವಾದುದು ಒಳ್ಳೆಯದೇ. ಒಬ್ಬರೇ ಕುಳಿತು ಬೇಯಿಸುವಾಗ ಬೇಸರವಾದರೆ ನಿಗೋರಾಳನ್ನು ಹತ್ತಿರ ಕೂರಿಸಿಕೊಳ್ಳಲಿ. ಕಿಮಿಯೋ ಅವರಷ್ಟೇ ಮಾತನಾಡುತ್ತಾಳೆ.

ಇಲ್ಲಿ ನಾವು ಎಂಟು ಹೆಂಗಸರು. ಕ್ಷಯವೆಂಬ ಪದವನ್ನು ಯಾರೂ ಬಾಯಲ್ಲಿ ತರುವುದಿಲ್ಲ, 'ನೆಗಡಿ' ಎನ್ನುತ್ತೇವೆ. ಹೊಸಬರು ಬಂದರೆ, "ಬಾರಮ್ಮ, ನಿಂದು ಎಷ್ಟು ತಿಂಗಳ ನೆಗಡಿ?" ಎಂದು ಕೇಳಿ ನಗುತ್ತೇವೆ. ನನ್ನ ಪಕ್ಕದ ಮಂಚದವಳು ಹತ್ತಿಹೊಲದ ಕೂಲಿಯವಳು. ಅವಳನ್ನು ಗೇಟಿನ ಬಳಿ ಇಳಿಸಿ ಹೋದ ಮನೆಯವರು ಅವಳು ಹೊದ್ದಿದ್ದ ಕಂಬಳಿಯನ್ನು ಮುಟ್ಟಲೂ ಇಲ್ಲವಂತೆ. "ಪುಣ್ಯ, ಕಂಬಳಿ ನಂಗೇ ಉಳೀತು" ಎನ್ನುತ್ತಾಳೆ.

ಸಾಬಿರಾ ಡಾಕ್ಟರು ಬಂದವರನ್ನೆಲ್ಲ ಒಂದೇ ರೀತಿ ವಿಚಾರಿಸುತ್ತಾರೆ. ಒಂದು ಕೋಣೆಯಲ್ಲಿ ಎಷ್ಟು ಜನ ಮಲಗುತ್ತೀರಿ? ಚಳಿಗಾಲದಲ್ಲಿ ಗೋಡೆ ಬೆವರುತ್ತದೆಯೆ? ಮಾಂಸ ತಿಂದದ್ದು ಯಾವಾಗ? ಎಂಟೂ ಜನರದು ಒಂದೇ ಉತ್ತರ, ಒಂದೇ ಮನೆಯ ಹೆಣ್ಣುಮಕ್ಕಳಂತೆ. "ಈ ಕಾಯಿಲೆ ನಿಮ್ಮ ಕುಲಗಿಲ ಕೇಳಲ್ಲ. ಮನೇಲಿ ಕಿಟಕಿ ಎಷ್ಟಿದೆ ಅಂತ ಕೇಳುತ್ತೆ ಅಷ್ಟೇ" ಎಂದರು ಡಾಕ್ಟರು.

ಮಾವನವರೇ, ಈಗ ಹೇಳಲು ನಾಚಿಕೆಯಾಗುವ ಸಂಗತಿಯೊಂದಿದೆ. ಇಲ್ಲಿ ಲೀದಾ ಎಂಬ ವಯಸ್ಸಾದ ರಷ್ಯನ್ ದಾದಿಯಿದ್ದಾಳೆ. ಚಹಾ ಹಂಚುವವಳು ಅವಳೇ. ಬೇರೆಯವರ ಬಟ್ಟಲಿಗೆ ಮರ್ಯಾದೆಯಾಗಿ ಅರ್ಧಕ್ಕೆ ಸುರಿಯುತ್ತಾಳೆ. ನನ್ನ ಬಳಿ ಬಂದಾಗ ಮಾತ್ರ ಅಂಚಿನವರೆಗೆ ತುಂಬುತ್ತಾಳೆ. ಕೈ ಸುಡುವಂತೆ ತುಳುಕುತ್ತದೆ. ಮೇಲೆ ನಿಂತು, "ಕುಡಿ, ಪೂರ್ತಿ ಕುಡಿ!" ಎನ್ನುತ್ತಾಳೆ. ಒಂದು ದಿನವೂ ತಪ್ಪಿಲ್ಲ. ಹತ್ತಿಹೊಲದವಳು, "ಕುಡಿದು ಜಾಗ ಖಾಲಿ ಮಾಡು ಅಂತಿದಾಳೆ ಕಣೆ. ಏನ್ ಮಾಡಿದೆ ಅವಳಿಗೆ?" ಎಂದು ಕೇಳಿದಳು. ನಾನೇನೂ ಮಾಡಿಲ್ಲ. ಎಲ್ಲರಿಗಿಂತ ಬಡಕಲಾಗಿದ್ದೇನೆ; ಸಾಯುವವಳಿಗೆ ಔಷಧ ದಂಡವೆಂದು ತಿಳಿದಿರಬಹುದು.

ನಮ್ಮ ಊರಿನಲ್ಲಿ ಬೇಡವಾದೆ, ಇಲ್ಲಿಯೂ ಬೇಡವಾದೆ. ತಾವು ಅಪ್ಪಣೆ ಕೊಟ್ಟರೆ ಹಿಮ ಬೀಳುವ ಮೊದಲು ಹಿಂದಿರುಗುತ್ತೇನೆ.

ಬನಾಫ್ಶಾ

*

ಜೋಯಿನವ್
೨೭ ಅಕ್ಟೋಬರ್ ೨೦೦೩

ಅವಮಾನಿತರ ನಿಟ್ಟುಸಿರಿಗೂ ತನಗೂ ನಡುವೆ ಪರದೆಯಿಡದ ಆ ಪ್ರಭುವಿನ ಹೆಸರಿನಲ್ಲಿ.

ಮಗಳೇ,

ನಿನ್ನ ಪತ್ರವನ್ನು ಓದಿದ ಕೂಡಲೇ ಇದನ್ನು ಬರೆಯಲು ಕುಳಿತೆ. ನಮ್ಮ ಪೂರ್ವಿಕರು ಅತಿಥಿಯ ಬಟ್ಟಲಿಗೆ ಗುಟುಕಿನಷ್ಟೇ ಚಹಾ ಸುರಿಯುತ್ತಿದ್ದರು. ಅವನು ಮತ್ತೆ ಕೇಳಲಿ, ಮತ್ತೆ ಎದ್ದು ಸುರಿಯುವ ಪುಣ್ಯ ನಮಗೆ ದೊರೆಯಲಿ ಎಂಬುದು ಅದರ ಆಶಯ. ಬಾಗಿಲು ತೋರಿಸಬೇಕಾದವನಿಗೆ ಮಾತ್ರ ಬಟ್ಟಲು ತುಂಬಿಸುವುದು. ರೋಗಿಯ ಮುಂದೆ ಹೀಗೆ ದಿನಂಪ್ರತಿ ತುಂಬಿದ ಬಟ್ಟಲನ್ನಿಡುವ ಹೃದಯ ಎಂಥದು! ಆ ಮನೆಯ ಔಷಧದಲ್ಲಿ ಗುಣವಿರಲು ಸಾಧ್ಯವಿಲ್ಲ.

ನೀನು ಹೊರಟು ಬಾ. ಇದು ನನ್ನ ಅಪ್ಪಣೆ. ನಮ್ಮ ಮನೆಯ ಗೋಡೆ ಬೆವರುತ್ತದೆ, ನಿಜ. ಆದರೆ ನಮ್ಮ ಬಟ್ಟಲು ಯಾರನ್ನೂ ಅಟ್ಟುವುದಿಲ್ಲ. ಈ ಪತ್ರ ತರುವ ಬೋಬೋಮುರೋದನ ಲಾರಿಯಲ್ಲಿಯೇ ಹಿಂದಿರುಗು. ಈ ಋತುವಿನಲ್ಲಿ ಅವನದೇ ಕೊನೆಯ ಲಾರಿ.

ಇಸ್ಮತುಲ್ಲಾ

*

ಜೋಯಿನವ್
೬ ನವೆಂಬರ್ ೨೦೦೩

ಮಗಳೇ ಬನಾಫ್ಶಾ,

ಈ ಪತ್ರಕ್ಕೆ ಹೋಗುವ ದಾರಿಯಿಲ್ಲ. ಆದರೂ ಬರೆಯುತ್ತಿದ್ದೇನೆ.

ಇಂದು ಮಧ್ಯಾಹ್ನದ ಪ್ರಾರ್ಥನೆಯ ಬಳಿಕ ಯೋಕುಬ್ ಅಜ್ಜ ನನ್ನ ಬಳಿ ಕುಳಿತಿದ್ದನು. ಯೌವನದಲ್ಲಿ ರಷ್ಯಾದ ಸೈನ್ಯದಲ್ಲಿ ಅಡುಗೆಯವನಾಗಿದ್ದವನು. ಹೆಸರು ಹೇಳದೆ, ಒಂದು ಕಡೆ ರಷ್ಯನ್ ಮುದುಕಿಯೊಬ್ಬಳು ನಮ್ಮವರಿಗೆ ಬಟ್ಟಲು ತುಂಬಿಸಿ ಅಪಮಾನ ಮಾಡುತ್ತಾಳಂತೆ ಎಂದೆ. ಅವನು ಹಲ್ಲಿಲ್ಲದ ಬಾಯಿ ತೆರೆದು ನಕ್ಕನು.

"ಅಯ್ಯೋ ದೊಮುಲ್ಲಾ! ಇಮಾಮರಾಗಿ ಅಷ್ಟು ಕಿತಾಬು ಓದಿದೀರಿ, ಇದು ಗೊತ್ತಿಲ್ವಾ? ಆ ಜನ ಅರ್ಧ ಬಟ್ಟಲು ಕೊಟ್ರೆ ಜಿಪುಣ ಅಂತಾರೆ. ತುಂಬಿಸಿ ಕೊಟ್ರೇನೇ ಪ್ರೀತಿ. ನಾನು ಮೊದಲ ದಿನ ನಮ್ ಸಾಹೇಬನಿಗೆ ಮರ್ಯಾದೆ ಅಂತ ಒಂದು ಗುಟುಕು ಸುರಿದು ಕೊಟ್ಟೆ ನೋಡಿ, ಬಟ್ಟಲು ತಲೆ ಮೇಲೇ ಬಂತು!"

ಸುತ್ತ ಕುಳಿತವರೆಲ್ಲ ನಕ್ಕರು. ನಾನು ಎದ್ದು ಹೊರಗೆ ಬಂದೆ. ಘಟ್ಟದ ಮೇಲೆ ಮೋಡ ಹೆಪ್ಪುಗಟ್ಟಿತ್ತು. ಎಲ್ಲರಿಗಿಂತ ಬಡಕಲಾದವಳಿಗೆ ಒಂದು ಗುಟುಕು ಹೆಚ್ಚು ಸೇರಲೆಂದು ಆ ಮುದುಕಿ ಸುರಿದದ್ದನ್ನು ನೀನು ಅಪಮಾನವೆಂದು ಓದಿದೆ. ನಿನಗೆ ಎಳೆಯ ಪ್ರಾಯ. ನಾನು ಅದಕ್ಕೆ ಭಾಷ್ಯ ಬರೆದೆ.

ಸಂಜೆ ರೇಡಿಯೋದಲ್ಲಿ ಹೇಳಿದರು. ಅಂಜೋಬ್ ಘಟ್ಟದಲ್ಲಿ ಹಿಮ ಕುಸಿದಿದೆ. ಉತ್ತರಕ್ಕೆ ಬರುತ್ತಿದ್ದ ಲಾರಿಗಳು ಅದರಡಿ ಸಿಲುಕಿವೆ. ಹೆಸರುಗಳನ್ನು ಹೇಳಲಿಲ್ಲ. ದಾರಿ ಇನ್ನು ತೆರೆಯುವುದು ವಸಂತದಲ್ಲಿ.

ಬೋಬೋಮುರೋದ್ ಬಂದಿಲ್ಲ.

*

ಜೋಯಿನವ್
೧೬ ಜನವರಿ ೨೦೦೪, ಶುಕ್ರವಾರ

ಕಂಡದ್ದನ್ನೂ ಕಾಣದ್ದನ್ನೂ ಸಮನಾಗಿ ಅರಿತಿರುವವನ ಸನ್ನಿಧಿಯಲ್ಲಿ.

ಮಗಳೇ, ನೀನು ಜೀವಂತವಿರುವೆಯೆಂದೇ ಬರೆಯುತ್ತೇನೆ. ನಿನ್ನ ಅತ್ತೆಗೆ ಲಾರಿಯ ವಿಷಯ ತಿಳಿದಿದೆ, ನಾನು ನಿನಗೆ ಕೊಟ್ಟ ಅಪ್ಪಣೆ ಮಾತ್ರ ಈವರೆಗೆ ತಿಳಿದಿರಲಿಲ್ಲ.

ಇಂದು ಪ್ರವಚನಕ್ಕೆ ನಿಂತಾಗ, ಸಿದ್ಧಪಡಿಸಿಕೊಂಡು ಹೋಗಿದ್ದ ಮಾತುಗಳನ್ನು ಬದಿಗಿಟ್ಟೆ. ಹೀಗೆಂದೆ: "ನನ್ನ ಸೊಸೆ ಯಾರ ಕಾಲು ಒತ್ತೋಕೂ ಹೋಗಿಲ್ಲ. ಅವಳಿಗೆ ಕ್ಷಯ ಬಂದಿದೆ. ಆಸ್ಪತ್ರೇಲಿದ್ದೋಳನ್ನ ನಾನೇ ಬಾ ಅಂತ ಕರೆದೆ. ಈಗ ಇದಾಳೋ ಇಲ್ವೋ ಗೊತ್ತಿಲ್ಲ. ಅವಳಿಗಾಗಿ ಕೈಯೆತ್ತಿ ಬೇಡ್ಕೊಳ್ಳಿ."

ಪ್ರಾರ್ಥನೆಗೆ ಸಾಲುಗಟ್ಟಿದಾಗ ನನ್ನ ಬೆನ್ನ ಹಿಂದಿನ ಸಾಲು ಖಾಲಿಯಾಗಿತ್ತು. ಜನ ಹೋಗಲಿಲ್ಲ, ಒಂದು ಸಾಲು ಹಿಂದಕ್ಕೆ ಸರಿದರು. ಯೋಕುಬ್ ಅಜ್ಜನೊಬ್ಬನೇ ಕೋಲೂರಿಕೊಂಡು ಮುಂದೆ ಬಂದು ಆ ಖಾಲಿ ಸಾಲಿನ ನಡುವೆ ನಿಂತನು. "ನಂಗೆ ಹಿಂದಿಂದ ಕಿವಿ ಕೇಳ್ಸಲ್ಲ" ಎಂದು ಎಲ್ಲರಿಗೂ ಕೇಳಿಸುವಂತೆ ಹೇಳಿದನು.

ಮನೆಯಲ್ಲಿ ನಿನ್ನ ಅತ್ತೆ ನನ್ನ ಮುಖ ನೋಡಲಿಲ್ಲ. "ಮೊದಲು ಅವಳನ್ನ ಕರೆದ್ರಿ, ಈಗ ಊರಿಗೆ ಸಾರಿದ್ರಿ. ನಿಮ್ಮ ಸತ್ಯ ನಿಮಗೆ ಸ್ವರ್ಗ ಕೊಡುತ್ತೆ, ನನ್ನ ಮೊಮ್ಮಗಳಿಗೆ ಗಂಡು ಕೊಡುತ್ತಾ?" ಎಂದಳು. ಸ್ವಲ್ಪ ಹೊತ್ತಿನ ಬಳಿಕ, "ಬನಾಫ್ಶಾ ಹಾಸಿಗೆ ಬಿಸಿಲಿಗೆ ಹಾಕ್ತೀನಿ, ತೇವ ಆಗಿದೆ" ಎಂದು ಎದ್ದು ಹೋದಳು. ಹೊರಗೆ ಬಿಸಿಲಿರಲಿಲ್ಲ.

ಇಸ್ಮತುಲ್ಲಾ

*

ಆಸ್ಪತ್ರೆ
೯ ಮೇ ೨೦೦೪

ಪೂಜ್ಯ ಮಾವನವರ ಪಾದಗಳಿಗೆ ಅಪರಾಧಿಯಾದ ಬನಾಫ್ಶಾಳ ಸಲಾಮುಗಳು.

ನಾನು ಬದುಕಿದ್ದೇನೆ. ಈ ಪತ್ರ ತರುತ್ತಿರುವ ಬೋಬೋಮುರೋದ್ ಅಣ್ಣನೂ ಬದುಕಿದ್ದಾನೆ. ಚಳಿಗಾಲವೆಲ್ಲ ಘಟ್ಟದ ಈಚೆಗೇ ಉಳಿದಿದ್ದನು. ಘಟ್ಟದ ಸುದ್ದಿ ನಿಮ್ಮನ್ನು ಎಷ್ಟು ದಹಿಸಿತೋ ಎಂದು ನೆನೆದು ಇಡೀ ಚಳಿಗಾಲ ಎದೆ ಹಿಂಡಿದೆ; ತಿಳಿಸುವ ದಾರಿಯಿರಲಿಲ್ಲ.

ನಿಮ್ಮ ಅಪ್ಪಣೆ ತಲುಪಿದ ದಿನ ಗಂಟು ಕಟ್ಟಿಕೊಂಡು ಗೇಟಿನವರೆಗೆ ಬಂದೆ. ಅಣ್ಣ ಲಾರಿಯ ಬಾಗಿಲು ತೆರೆದು, "ಹತ್ತಮ್ಮ ಬೇಗ, ಮೋಡ ನೋಡಿದ್ಯಾ?" ಎಂದನು. ಕಾಲೆತ್ತಿ ಮೆಟ್ಟಿಲ ಮೇಲಿಟ್ಟೆ. ಆಗ ಕೆಮ್ಮು ಬಂತು. ಬಾಯಿಗೆ ಸೆರಗು ಹಿಡಿದಾಗ, ನಿಗೋರಾ ಕೆಮ್ಮು ಬಂದರೆ ನನ್ನ ಹಾಗೆಯೇ ಬಾಯಿಗೆ ಕೈ ಹಿಡಿದು ಆಟವಾಡುತ್ತಿದ್ದುದು ನೆನಪಾಯಿತು. ಅವಳಿಗೆ ಅದು ಆಟ. ಕಾಲು ಕೆಳಗಿಳಿಸಿದೆ.

"ನಾನು ಬರಲ್ಲ ಅಣ್ಣ."

"ತಲೆ ಕೆಟ್ಟಿದ್ಯಾ? ದೊಮುಲ್ಲಾ ಹೇಳಿ ಕಳಿಸಿದಾರೆ. ಮಾವನ ಮಾತು ಮೀರ್ತೀಯಾ?"

"ಮೀರ್ತೀನಿ."

ಅಲ್ಲಿಯೇ ನಿಂತು ಅವನು ಗದರಿದ, ಬೇಡಿಕೊಂಡ, ನನ್ನ ತವರಿನ ಹೆಸರೆತ್ತಿ ಆಣೆಯಿಟ್ಟ. ಮಧ್ಯಾಹ್ನವಾಯಿತು. ಕೊನೆಗೆ ಬೈದುಕೊಂಡೇ ಒಬ್ಬನೇ ಹೊರಟ. ಘಟ್ಟದ ಬುಡ ಸೇರುವಷ್ಟರಲ್ಲಿ ಮುಂದೆ ಹೋಗಿದ್ದ ಲಾರಿಗಳ ಮೇಲೆ ಹಿಮ ಕುಸಿದಿತ್ತು. ಅಂದಿನಿಂದ ನನ್ನನ್ನು ಕಂಡಾಗಲೆಲ್ಲ "ನನ್ನ ಹಟಮಾರಿ ತಂಗಿ" ಎನ್ನುತ್ತಾನೆ.

ಮಾವನವರೇ, ಇಲ್ಲಿ ಉಳಿದದ್ದು ಧೈರ್ಯದಿಂದಲ್ಲ. ನನ್ನನ್ನು ಅಟ್ಟುತ್ತಿದ್ದಾರೆಂಬ ನಂಬಿಕೆ ಕಿಂಚಿತ್ತೂ ಕದಲಿರಲಿಲ್ಲ. ಆದರೆ ಅಪಮಾನವನ್ನು ಕುಡಿದರೆ ಅದು ನನ್ನ ಹೊಟ್ಟೆಯಲ್ಲಿಯೇ ಉಳಿಯುತ್ತದೆ, ರೋಗವನ್ನು ಮನೆಗೆ ತಂದರೆ ಮಗುವಿನ ಎದೆ ಸೇರುತ್ತದೆ. ಹೀಗೆಂದುಕೊಂಡು ಬೆಳಿಗ್ಗೆ ಸಂಜೆ ಆ ತುಂಬಿದ ಬಟ್ಟಲನ್ನು ಹನಿಯೂ ಉಳಿಸದೆ ಕುಡಿದೆ. ಮನಸ್ಸಿನಲ್ಲಿ, 'ಹೋಗೆನ್ನು, ಎಷ್ಟು ಬೇಕಾದರೂ ಹೋಗೆನ್ನು, ಗುಣವಾಗುವವರೆಗೆ ಹೋಗಲಾರೆ' ಎನ್ನುತ್ತಿದ್ದೆ.

ಮಾರ್ಚಿನಲ್ಲಿ, ನವ್ರೂಜ್ ಹಬ್ಬದ ದಿನ, ನನಗೆ ಸ್ವಲ್ಪ ತ್ರಾಣ ಬಂದಿತ್ತು. ಚಹಾ ಹಂಚುವ ಕೆಲಸ ನಾನು ಮಾಡುತ್ತೇನೆಂದೆ. ಲೀದಾ ಕುಳಿತಳು. ನನ್ನೊಳಗಿನ ಕೋಪವೆಲ್ಲ ಕೈಗಿಳಿಯಿತು. ಅವಳ ಬಟ್ಟಲನ್ನು ಅಂಚಿನ ಮೇಲೆ ಚಹಾ ಉಬ್ಬಿ ನಿಲ್ಲುವಂತೆ ತುಂಬಿಸಿ ಅವಳ ಮುಂದಿಟ್ಟೆ. ಹತ್ತಿಹೊಲದವಳು, "ಹೋಯ್ತು, ಇವಳ ಕಥೆ ಮುಗೀತು" ಎಂದು ಗೊಣಗಿದಳು.

ಲೀದಾ ಬಟ್ಟಲನ್ನು ನೋಡಿದಳು, ನನ್ನನ್ನು ನೋಡಿದಳು. ಕಣ್ಣು ತುಂಬಿಕೊಂಡಳು. ಎದ್ದು ಬಂದು ನನ್ನ ಎರಡೂ ಕೆನ್ನೆಗೆ ಮುತ್ತಿಟ್ಟಳು! "ನನ್ನ ಮಕ್ಕಳು ರಷ್ಯಾಕ್ಕೆ ಹೋದ್ರು. ಆಮೇಲೆ ನಂಗೆ ಯಾರೂ ತುಂಬಿಸಿ ಕೊಟ್ಟಿರಲಿಲ್ಲ. ನಿಮ್ಮ ಜನ ಎಲ್ಲಾ ಒಳ್ಳೇವ್ರು, ಆದ್ರೆ ಚಹಾಗೆ ಮಾತ್ರ ಜಿಪುಣರು. ನೀನೊಬ್ಳೇ ಮಗಳು" ಎಂದಳು. ಎಂಟೂ ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕೆವು, ನಕ್ಕು ಕೆಮ್ಮಿದೆವು. ಏಕೆ ನಗುತ್ತಿದ್ದೇವೆಂದು ಅವಳಿಗೆ ತಿಳಿಯಲಿಲ್ಲ. ಹೇಳಲು ನನಗೆ ಮುಖವಿರಲಿಲ್ಲ.

ಡಾಕ್ಟರು ಕಫವನ್ನು ಮತ್ತೆ ಮತ್ತೆ ಪರೀಕ್ಷಿಸಿದ್ದಾರೆ. ನನ್ನಿಂದ ಈಗ ಯಾರಿಗೂ ರೋಗ ಅಂಟುವುದಿಲ್ಲವಂತೆ. ಜೂನ್ ತಿಂಗಳಲ್ಲಿ ಮನೆಗೆ ಹೋಗಬಹುದು ಎಂದಿದ್ದಾರೆ.

ಇನ್ನೊಂದು ಮಾತು. ನಿಮ್ಮ ಮಗ ಹೋದ ಸಲ ಊರಿಗೆ ಬಂದಾಗಲೇ ಕೆಮ್ಮುತ್ತಿದ್ದರು. ರಷ್ಯಾದಲ್ಲಿ ನೆಲಮಾಳಿಗೆಯೊಂದರಲ್ಲಿ ಇಪ್ಪತ್ತು ಜನ ಒತ್ತೊತ್ತಾಗಿ ಮಲಗುತ್ತಾರಂತೆ. ಯಾರಿಗೂ ಹೇಳಬೇಡವೆಂದು ನನ್ನಿಂದ ಮಾತು ತೆಗೆದುಕೊಂಡಿದ್ದರು. ದೂರು ಹೇಳುವುದಕ್ಕಾಗಿ ಆ ಮಾತನ್ನು ಮುರಿಯುತ್ತಿಲ್ಲ. ಅವರಿಗೂ ಈ ಔಷಧ ಸಿಗಲಿ ಎಂದು ಮುರಿಯುತ್ತಿದ್ದೇನೆ. ಹೇಗಾದರೂ ಅವರಿಗೆ ಹೇಳಿಕಳುಹಿಸಿ.

ಅಪ್ಪಣೆ ಮೀರಿದವಳನ್ನು ಕ್ಷಮಿಸಿ. ಮನೆಗೆ ಬರಬಹುದೆ?

ಬನಾಫ್ಶಾ

*

ಜೋಯಿನವ್
೨೧ ಮೇ ೨೦೦೪

ಸತ್ತ ಭೂಮಿಗೆ ಮಳೆ ಕಳುಹಿಸಿ ಮತ್ತೆ ಹಸುರಾಗಿಸುವವನಿಗೆ ಸ್ತುತಿ. ಸ್ತುತಿ. ಮತ್ತೊಮ್ಮೆ ಸ್ತುತಿ.

ನನ್ನ ಮಗಳೇ,

ನಿನ್ನ ಪತ್ರವನ್ನು ಗಟ್ಟಿಯಾಗಿ ಓದಿದೆ. ನಿನ್ನ ಅತ್ತೆ ಮೊದಲು ಅತ್ತಳು, ಲೀದಾಳ ಮುತ್ತಿನ ಬಳಿಗೆ ಬಂದಾಗ ನಕ್ಕಳು, ಹಮ್‌ದಮನ ವಿಷಯಕ್ಕೆ ಬಂದಾಗ ಎದ್ದುಹೋಗಿ ನಿನ್ನ ಬಟ್ಟಲನ್ನು ಬೂದಿ ಹಾಕಿ ಬೆಳಗುತ್ತಾ ಕುಳಿತಳು. ಅವನಿಗೆ, ರಷ್ಯಾಕ್ಕೆ ಹೊರಟಿದ್ದ ಯೋಕುಬ್ ಅಜ್ಜನ ಮೊಮ್ಮಗನ ಮೂಲಕ ತಂದೆಯ ಆಜ್ಞೆಯೆಂದು ಹೇಳಿಕಳುಹಿಸಿದ್ದೇನೆ. ಚಳಿಗಾಲದಲ್ಲಿ ಬರೆದು ಇಟ್ಟಿದ್ದ ಎರಡು ಪತ್ರಗಳು ಇದರೊಂದಿಗಿವೆ. ಓದಿದರೆ ನಿನ್ನ ಮಾವ ಎಷ್ಟು ತಿಳಿದವನೆಂದು ನಿನಗೆ ತಿಳಿಯುತ್ತದೆ.

ಕ್ಷಮೆ ಕೇಳಿದೆಯಲ್ಲ, ತಾಯಿ. ಸಹನೆಯ ಮೇಲೆ ನಾನು ಎಷ್ಟೋ ಪ್ರವಚನಗಳನ್ನು ಮಾಡಿದ್ದೇನೆ. ಅವುಗಳಲ್ಲಿ ಸಂತರು ಬರುತ್ತಾರೆ, ದೊರೆಗಳು ಬರುತ್ತಾರೆ. ತನ್ನನ್ನು ಹೋಗೆನ್ನುತ್ತಿದ್ದಾರೆಂದು ಮನಸಾರೆ ನಂಬಿಯೂ, ಮಗುವಿಗಾಗಿ ಒಂದು ಇಡೀ ಚಳಿಗಾಲ ಆ ಬಟ್ಟಲನ್ನು ಬರಿದುಮಾಡಿದವಳು ಯಾವ ಪ್ರವಚನದಲ್ಲಿಯೂ ಬಂದಿಲ್ಲ. ನನ್ನ ಮಾತು ಮೀರಿ ನೀನು ನನ್ನನ್ನು ಒಂದು ಹತ್ಯೆಯಿಂದ ಉಳಿಸಿದೆ. ಮನೆಗೆ ಬರಬಹುದೆ ಎಂದು ಕೇಳಿದ್ದೀಯೆ. ಈ ಮನೆಯಲ್ಲಿ ಇನ್ನು ಅಪ್ಪಣೆ ಕೊಡುವವಳು ನೀನು.

ಊರಿನ ವಿಷಯದಲ್ಲಿ ನಿನಗೆ ಸುಳ್ಳು ಭರವಸೆ ಕೊಡಲಾರೆ. ಸಾಲು ಇನ್ನೂ ಪೂರ್ತಿ ಮುಂದಕ್ಕೆ ಬಂದಿಲ್ಲ. ಒಲೆಗಳು ಇನ್ನೂ ಎರಡೇ.

ಆದರೆ ನಿನ್ನೆ ಒಂದು ಘಟನೆ ನಡೆಯಿತು. ಕಿಮಿಯೋ ನಮ್ಮ ಹಿತ್ತಿಲ ಬಾಗಿಲಲ್ಲಿ, ಮುಸುಕನ್ನು ಮೂಗಿನವರೆಗೆ ಎಳೆದುಕೊಂಡು ನಿಂತಿದ್ದಳು.

"ದೊಮುಲ್ಲಾ... ನಮ್ಮ ಮಗಳು ಸಫರ್‌ಗುಲ್‌ಗೆ ಸ್ವಲ್ಪ ನೆಗಡಿ."

"ಎಷ್ಟು ದಿನದಿಂದಮ್ಮ?"

"ಹಿಮ ಬೀಳೋ ಮುಂಚಿಂದ." ತುಸು ಹೊತ್ತು ಕಾಲ್ಬೆರಳಿನಿಂದ ನೆಲ ಕೆರೆದಳು. "ಆ ಆಸ್ಪತ್ರೆ... ಯಾವ ಕಡೆ ಬರುತ್ತೆ? ಯಾರಿಗೂ ಹೇಳ್ಬೇಡಿ. ಅವಳಿಗಿನ್ನೂ ಹದಿನಾರು. ಹೋಗು ಅಂದ್ರೆ ಕಂಬ ತಬ್ಕೊಂಡು ಅಳ್ತಾಳೆ. ಅಲ್ಲಿಗೆ ಹೋದೋರು ಒಬ್ರೂ ವಾಪಸ್ ಬಂದಿಲ್ಲ ಅಂತಾಳೆ."

ಒಳಗಿನಿಂದ ನಿನ್ನ ಅತ್ತೆ ಹೊರಬಂದಳು. ಇಷ್ಟು ತಿಂಗಳ ಮಾತನ್ನೆಲ್ಲ ಈಗ ತೀರಿಸುತ್ತಾಳೆಂದು ಹೆದರಿದೆ. ಅವಳು, "ಕಿಮಿಯೋ, ಊರಿಗೆ ಕಾಲು ಮುರಿದಿದೆ ಅಂತ ಹೇಳೋದಾದ್ರೆ ಯಾವ ಕಾಲು ಅಂತ ಮೊದ್ಲೇ ತೀರ್ಮಾನ ಮಾಡ್ಕೋ. ಆಮೇಲೆ ಕಷ್ಟ ಆಗುತ್ತೆ" ಎಂದಳು. ಇಬ್ಬರೂ ಪರಸ್ಪರ ನೋಡಿಕೊಂಡು ಬಾಯಿಗೆ ಸೆರಗು ಹಿಡಿದರು. ಬಳಿಕ ಕಿಮಿಯೋ ಅತ್ತಳು.

ನೀನಿರುವ ಕೊಠಡಿಯಾದರೆ ಹುಡುಗಿ ಬರಲು ಒಪ್ಪಬಹುದು, ಇನ್ನೊಂದೆರಡು ತಿಂಗಳು ನೀನು ಅಲ್ಲಿಯೇ ಇದ್ದು ಅವಳ ಕೈ ಹಿಡಿಯುವೆಯಾ ಎಂದು ಕೇಳಿದಳು. ಈ ಕೋರಿಕೆಯನ್ನು ನಿನಗೆ ಮುಟ್ಟಿಸಿದ್ದೇನೆ, ಅಷ್ಟೆ. ಉಳಿ ಎಂದಾಗಲಿ ಬಾ ಎಂದಾಗಲಿ ನಾನು ಹೇಳುವುದಿಲ್ಲ. ನಿಗೋರಾ ಗುಡ್ಡವನ್ನು ನೋಡುತ್ತಲೇ ಇದ್ದಾಳೆ. ಇದನ್ನು ಹೇಳದಿದ್ದರೆ ಅದೂ ಸುಳ್ಳಾದೀತು.

ನಿನ್ನ ತಂದೆ,
ಇಸ್ಮತುಲ್ಲಾ

*

ಆಸ್ಪತ್ರೆ
೨ ಜೂನ್ ೨೦೦೪

ಪೂಜ್ಯ ಅಪ್ಪಾ,

ಸಲಾಮುಗಳು. ಬೋಬೋಮುರೋದ್ ಅಣ್ಣ ಅವಸರಪಡಿಸುತ್ತಿದ್ದಾನೆ, ಚಿಕ್ಕದಾಗಿ ಬರೆಯುತ್ತೇನೆ.

ನಾನು ಇಲ್ಲಿ ಉಳಿದರೆ ಸಫರ್‌ಗುಲ್ ಹೇಳುವುದೇ ನಿಜವಾಗುತ್ತದೆ. ಬನಾಫ್ಶಾಳೂ ಹಿಂದಿರುಗಲಿಲ್ಲ ಎಂದು ಕಂಬವನ್ನು ಇನ್ನೂ ಬಿಗಿಯಾಗಿ ತಬ್ಬಿಕೊಳ್ಳುತ್ತಾಳೆ. ಆದ್ದರಿಂದ ಬರುತ್ತೇನೆ. ಮುಂದಿನ ವಾರ ಶುಕ್ರವಾರ, ಮಧ್ಯಾಹ್ನದ ಹೊತ್ತಿಗೆ. ಅದರ ಮರುದಿನ ಅದೇ ಲಾರಿಯಲ್ಲಿ ಅವಳನ್ನು ನಾನೇ ಕರೆತಂದು ಸಾಬಿರಾ ಡಾಕ್ಟರಿಗೆ ಒಪ್ಪಿಸಿ, ಲೀದಾಳ ಪಕ್ಕ ಕೂರಿಸಿ, ಬಳಿಕ ಮನೆಗೆ ಹಿಂದಿರುಗುತ್ತೇನೆ. ಹೋಗುವುದನ್ನೂ ಬರುವುದನ್ನೂ ಊರು ಎರಡು ಸಲ ನೋಡಲಿ.

ನಿಗೋರಾಳಿಗೆ ಮೊದಲೇ ತಿಳಿಸಬೇಡಿ. ಲಾರಿ ತಡವಾದರೆ ಮಗು ಊಟ ಬಿಟ್ಟು ರಸ್ತೆಯಲ್ಲಿ ಕೂರುತ್ತದೆ.

ಕಿಮಿಯೋ ಅವರಿಗೆ ಹೀಗೆ ಹೇಳಿ. ನಾನು ಲಾರಿಯಿಂದ ಇಳಿದು ನನ್ನ ಮಗಳನ್ನು ಎತ್ತಿಕೊಳ್ಳುತ್ತೇನೆ. ಅವಳನ್ನು ಸೊಂಟದ ಮೇಲಿಟ್ಟುಕೊಂಡೇ ಅವರ ಮನೆಗೆ ಬರುತ್ತೇನೆ. ಹಿತ್ತಿಲ ದಾರಿಯಿಂದಲ್ಲ. ಜನ ಪ್ರಾರ್ಥನೆ ಮುಗಿಸಿ ಮೆಟ್ಟಿಲಿಳಿಯುವ ಹೊತ್ತಿಗೆ, ಮಸೀದಿಯ ಮುಂದಿನ ಬೀದಿಯಿಂದ. ಅವರು ಮುಂಬಾಗಿಲನ್ನು ತೆರೆದಿಟ್ಟಿರಲಿ.

ನಿಮ್ಮ ಮಗಳು,
ಬನಾಫ್ಶಾ